ಎಂಟನೇ ಗೂಟದ ಮಣ್ಣು

ಮೂರನೇ ಸಲವೂ ಎಂಟನೇ ತಟ್ಟೆಯಲ್ಲಿ ಅದು ಕಾಣಿಸಿಕೊಂಡಾಗ ನನ್ನ ಸಂಶೋಧನಾ ವಿದ್ಯಾರ್ಥಿನಿ ನನ್ನನ್ನು ಕರೆಯಲಿಲ್ಲ. ಗಾಜಿನ ತಟ್ಟೆಯನ್ನು ತಂದು ನನ್ನ ಮೇಜಿನ ಮೇಲಿಟ್ಟು, ಪಕ್ಕಕ್ಕೆ ಸರಿದು ನಿಂತಳು. ಒದ್ದೆ ಸೋಸುಕಾಗದದ ಮೇಲೆ ಹರಡಿದ್ದ ಕಂದು ಮಣ್ಣು, ಅದರ ಮೇಲೆ ಬಿಳಿ ಎಳೆಗಳ ಜಾಲ, ಜಾಲದ ಮೇಲೆ ಸಾಸಿವೆಗಿಂತ ಚಿಕ್ಕ ಕಿತ್ತಳೆ ಬಣ್ಣದ ಬಿಲ್ಲೆಗಳು, ಒಂದಕ್ಕೊಂದು ಒತ್ತಿಕೊಂಡು. ಭೂತಗನ್ನಡಿ ಬೇಕಿರಲಿಲ್ಲ.

“ಇದು ಸುಡದೇ ಇರೋ ಮಣ್ಣು ಸಾರ್,” ಅಂದಳು. “ನೀವೇ ಹೇಳಿದ್ದು.”

ಬೆಂಕಿ ಬಿದ್ದ ನೆಲದಲ್ಲಷ್ಟೇ ಹುಲುಸಾಗಿ ಬರುವ ಶಿಲೀಂಧ್ರಗಳಿವೆ. ಬಿಸಿಗೆ ಉಳಿದೆಲ್ಲ ಬೂಷ್ಟುಗಳು ಸತ್ತು ನೆಲ ಖಾಲಿಯಾದಾಗ, ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಇವು ಹಬ್ಬಿ, ಬೀಜಕಗಳನ್ನು ಚೆಲ್ಲಿ, ಬೇರೆಯವು ಹಿಂದಿರುಗುವ ಮೊದಲು ಇಲ್ಲವಾಗುತ್ತವೆ. ಅವಳ ಪಿಎಚ್.ಡಿ. ಪ್ರಬಂಧದ ಮುಖ್ಯ ಅಧ್ಯಾಯ ನಿಂತಿದ್ದದ್ದು ಒಂದು ಹೋಲಿಕೆಯ ಮೇಲೆ: ಸುಟ್ಟ ನೆಲದಲ್ಲಿ ಈ ಕಿತ್ತಳೆ ಶಿಲೀಂಧ್ರ ಬರುತ್ತದೆ, ಪಕ್ಕದ ಸುಡದ ನೆಲದಲ್ಲಿ ಬರುವುದಿಲ್ಲ. ಐದು ಸುಟ್ಟ ಚೌಕ, ಐದು ಸುಡದ ಚೌಕ, ಪ್ರತಿಯೊಂದಕ್ಕೂ ನಂಬರು ಹಾಕಿದ ಕಬ್ಬಿಣದ ಗೂಟ. ಎಂಟನೆಯದು ಸುಡದ ಗುಂಪಿನದು. ಅದರ ಮಣ್ಣಿನಲ್ಲಿ ಇದು ಬರಕೂಡದಿತ್ತು.

ಬಂದಿದೆ ಎಂದರೆ ಎಲ್ಲರಿಗೂ ಮೊದಲು ಹೊಳೆಯುವ ಕಾರಣ ಒಂದೇ. ಈ ಶಿಲೀಂಧ್ರಕ್ಕೆ ಪ್ರಯೋಗಾಲಯದ ಆಟೋಕ್ಲೇವಿನಲ್ಲಿ ಹಬೆಯಾಡಿಸಿದ ಮಣ್ಣೂ ಸುಟ್ಟ ಮಣ್ಣಿನಷ್ಟೇ ಇಷ್ಟ. ನಾವು ಹೋಲಿಕೆಗಾಗಿ ಅಂಥ ಮಣ್ಣನ್ನೂ ಇಟ್ಟುಕೊಂಡಿದ್ದೆವು. ಚೀಲ ಅದಲುಬದಲಾಗಿರಬೇಕು, ಇಲ್ಲವೇ ಜರಡಿ ತೊಳೆದಿರಲಿಕ್ಕಿಲ್ಲ. ಎರಡೂ ಅವಳ ಕೈಯ ಕೆಲಸ. ಪ್ರಬಂಧ ಸಲ್ಲಿಸಲು ಆರು ವಾರ ಉಳಿದಿತ್ತು. ಪದವಿ ಕೈಗೆ ಬಂದರೆ ಮಂಡ್ಯದ ಕಾಲೇಜೊಂದರಲ್ಲಿ ಅವಳಿಗೆ ಕೆಲಸ ಕಾಯುತ್ತಿತ್ತು.

ಗೂಟ ಹೊಡೆಸಿದ್ದು ನಾನು. ಆ ಬೇಸಿಗೆಯಲ್ಲಿ ಕೆಂಗೇರಿಯ ಹಳೇ ಊರಿನ ಕುಟುಂಬವೊಂದರ ನೀಲಗಿರಿ ತೋಪಿಗೆ ಬೆಂಕಿ ಬಿದ್ದಿತ್ತು. ಯಾರೋ ರಸ್ತೆ ಬದಿಯ ಕಸಕ್ಕೆ ಹಚ್ಚಿದ್ದು ಗಾಳಿಗೆ ಒಳಗೆ ನುಗ್ಗಿ, ಅರ್ಧ ತೋಪು ತಿಂದು, ಪಕ್ಕದ ಬಯಲಿನ ಅಂಚಿನಲ್ಲಿ ತಾನಾಗಿ ಆರಿತ್ತು. ವಿದ್ಯಾರ್ಥಿನಿಗೆ ಜ್ವರವಿದ್ದ ಕಾರಣ ವಿಭಾಗದ ಅಟೆಂಡರನ್ನು ಕರೆದುಕೊಂಡು ಹೋದೆ. ಹೋದ ಮೇಲೆ ನೋಡಿದರೆ ನೋಟ್‌ಬುಕ್ ಬಿಟ್ಟು ಬಂದಿದ್ದೆ. ಹತ್ತೇ ಚೌಕ, ನೆನಪಿರುತ್ತದೆ ಎಂದುಕೊಂಡೆ. ಸುಟ್ಟ ತೋಪಿನಲ್ಲೂ ಪಕ್ಕದ ಬಯಲಿನಲ್ಲೂ ಹಗ್ಗ ಹಿಡಿದು ಮೀಟರ್ ಚೌಕ ಅಳೆದೆವು, ಅಟೆಂಡರ್ ಸುತ್ತಿಗೆಯಲ್ಲಿ ಗೂಟ ಹೊಡೆದ. ಮರುದಿನ ಬೆಳಿಗ್ಗೆ ಕೂತು ರಿಜಿಸ್ಟರಿನಲ್ಲಿ ಒಂದೊಂದು ಚೌಕದ ಇಳಿಜಾರು, ಹೊದಿಕೆ, ಬೂದಿಯ ದಪ್ಪ ಎಲ್ಲವನ್ನೂ ತುಂಬಿದೆ. ಎಂಟರ ಮುಂದೆ ಬರೆದದ್ದು: ‘ಒಣಹುಲ್ಲು, ಮೊಣಕಾಲುದ್ದ. ಬೆಂಕಿಯ ಗುರುತಿಲ್ಲ.’

ಮೂರನೇ ಫಲಿತಾಂಶದ ಮೇಲೆ ವಿಭಾಗದ ಸಮಿತಿ ಸೇರಿತು. ಅವಳನ್ನೂ ಕರೆದಿದ್ದರು. ಅಧ್ಯಕ್ಷರು ನಿವೃತ್ತಿಯ ಹತ್ತಿರ ಬಂದಿದ್ದ ಸಸ್ಯಶಾಸ್ತ್ರಜ್ಞರು, ಅನವಶ್ಯಕ ಮಾತಿಲ್ಲದವರು.

“ಎಂಟನೇ ಪ್ಲಾಟ್ ಸುಟ್ಟಿರ್ಲಿಲ್ಲ ಅನ್ನೋದು ಗ್ಯಾರಂಟಿ ತಾನೇ?” ಎಂದು ಕೇಳಿದರು.

“ನಾನೇ ನಿಂತು ಗೂಟ ಹೊಡೆಸಿದ್ದು ಸಾರ್. ಮೊಣಕಾಲುದ್ದ ಹುಲ್ಲಿತ್ತು. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ,” ಅಂದೆ.

ಅವರು ಅವಳ ಫೈಲಿನಲ್ಲಿ ಒಂದು ಸಾಲು ಬರೆದರು: ‘ಮಾದರಿಗಳ ನಿರ್ವಹಣೆಯಲ್ಲಿ ಲೋಪದ ಸಾಧ್ಯತೆ ಕಂಡುಬಂದಿದೆ.’ ಎಂಟನೆಯದನ್ನು ಕೈಬಿಟ್ಟು ಉಳಿದ ಒಂಬತ್ತರಿಂದ ಅಧ್ಯಾಯ ಮುಗಿಸಬಹುದು ಎಂದರು.

ಹೊರಗೆ ಕಾರಿಡಾರಿನಲ್ಲಿ ಅವಳು ನನ್ನನ್ನು ತಡೆದಳು. “ನಾನು ಚೀಲ ಬದಲಾಯಿಸಿಲ್ಲ ಸಾರ್. ಮೊದಲನೇ ಮಳೆ ಆದ್ಮೇಲೆ ಅಲ್ಲೇ, ಎಂಟರಲ್ಲೇ, ಕಣ್ಣಾರೆ ನೋಡಿದೀನಿ. ಫೋಟೋನೂ ತೋರಿಸಿದ್ದೆ.”

“ಆ ಫೋಟೋದಲ್ಲಿ ಗೂಟ ಇಲ್ವಲ್ಲಮ್ಮಾ. ಕಿತ್ತಳೆ ಬಣ್ಣ ಇದೆ, ಮಣ್ಣಿದೆ. ಅದು ಯಾವ ಚೌಕ ಬೇಕಾದ್ರೂ ಆಗಿರ್ಬಹುದು.”

“ಒಂದು ಕೈಯಲ್ಲಿ ಛತ್ರಿ ಇತ್ತು. ಗೂಟಾನೂ ಬರೋ ಹಾಗೆ ತೆಗೀಬೇಕು ಅಂತ ಹೊಳೀಲಿಲ್ಲ.”

“ಹೊಳೀಬೇಕಿತ್ತು,” ಅಂದೆ. ನೋಟ್‌ಬುಕ್ಕನ್ನೇ ಮರೆತು ಹೋದವನು ಆಡಿದ ಮಾತು ಅದು. ಆಗ ಅದು ನನಗೆ ಹಾಗೆ ಕೇಳಿಸಲಿಲ್ಲ.

ಯಾರ ಮಾತನ್ನೂ ಪರೀಕ್ಷಿಸದೆ ಒಪ್ಪಬಾರದು ಎಂಬುದು ನನಗೆ ವಿಶ್ವವಿದ್ಯಾಲಯ ಕಲಿಸಿದ ಒಂದೇ ಗಟ್ಟಿ ಪಾಠ. ಅದರ ಹೆಸರಲ್ಲೇ ಅವಳಿಗೆ ತಿಳಿಸದೆ ನಾಲ್ಕನೇ ಸಲ ಪರೀಕ್ಷೆ ಮಾಡಲು ಹೊರಟೆ. ಅವಳ ತಪ್ಪನ್ನು ಖಚಿತ ಮಾಡಿಕೊಂಡರೆ ನನ್ನ ಮನಸ್ಸು ತಣ್ಣಗಾಗುತ್ತದೆ ಎಂದೇ ಹೊರಟದ್ದು.

ಮಣ್ಣು ಕೊರೆಯುವ ಕೊಳವೆಯನ್ನು ಒಂದೊಂದು ಚೌಕಕ್ಕೂ ಸ್ಪಿರಿಟ್ ಬಳಿದು ಸುಟ್ಟು ಶುದ್ಧ ಮಾಡಿದೆ. ಹೊಸ ಚೀಲಗಳು, ಒಳಗೊಂದು ಹೊರಗೊಂದು ಚೀಟಿ, ಪೆನ್ಸಿಲಿನಲ್ಲೇ ಬರೆದದ್ದು. ಸುಡದ ಐದು ಚೌಕಗಳಿಂದ ಎರಡೆರಡು ಚೀಲ. ಹಬೆಯಾಡಿಸಿದ ಮಣ್ಣು ಇದ್ದ ಕೋಣೆಗೆ ಅವನ್ನು ಒಯ್ಯಲೇ ಇಲ್ಲ. ಮೇಲಿನ ಮಹಡಿಯಲ್ಲಿ ಖಾಲಿ ಇದ್ದ ಕೊಠಡಿಯಲ್ಲಿ ಹೊಸ ಜರಡಿಯಲ್ಲಿ ಸೋಸಿದೆ. ಇಷ್ಟಾದರೂ ನನ್ನ ಕಣ್ಣಿನ ಮೇಲೇ ನನಗೆ ನಂಬಿಕೆ ಸಾಲಲಿಲ್ಲ. ಅಟೆಂಡರನ್ನು ಕರೆದು, ನಂಬರಿನ ಚೀಟಿ ಕಿತ್ತು ತಟ್ಟೆಗಳಿಗೆ ಬೇರೆ ಅಕ್ಷರ ಹಾಕು, ಯಾವ ಅಕ್ಷರ ಯಾವ ಚೌಕ ಅಂತ ನೀನೊಬ್ಬನೇ ಇಟ್ಟುಕೋ ಅಂದೆ. ಅವನು ಜೇಬಿನಲ್ಲಿದ್ದ ಲಗ್ನಪತ್ರಿಕೆಯ ಹಿಂದೆ ಬರೆದುಕೊಂಡ.

ಐದನೇ ದಿನ ‘ಚ’ ಮತ್ತು ‘ಟ’ ಅಕ್ಷರದ ತಟ್ಟೆಗಳಲ್ಲಿ ಬಿಳಿ ಜಾಲ ಬಂತು. ಏಳನೇ ದಿನ ಕಿತ್ತಳೆ. ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ: ಉದ್ದನೆಯ ಬೀಜಕಕೋಶದೊಳಗೆ ಎಂಟೆಂಟು ಬೀಜಕ, ಸಾಲಾಗಿ. ಅದೇ ಶಿಲೀಂಧ್ರ. ಉಳಿದ ಎಂಟು ತಟ್ಟೆಗಳಲ್ಲಿ ಅದರ ಸುಳಿವಿಲ್ಲ.

“ಲಗ್ನಪತ್ರಿಕೆ ತೆಗಿಯಪ್ಪಾ,” ಅಂದೆ.

ಅಟೆಂಡರ್ ಓದಿದ. “ಚ ಅಂದ್ರೆ ಎಂಟು ಸಾರ್. ಟ…” ತಲೆ ಕೆರೆದುಕೊಂಡ. “ಟನೂ ಎಂಟೇ ಸಾರ್. ಪಾಪ, ಆ ಹುಡುಗೀನ ಸುಮ್ಸುಮ್ನೆ ಬೈದ್ರಿ.”

“ನಾನೆಲ್ಲಿ ಬೈದೆ?”

“ಬೈದಿದ್ರೆ ವಾಸಿ ಇತ್ತು ಸಾರ್, ಬೈಸ್ಕೊಂಡು ಅತ್ತು ಸುಮ್ನಾಗ್ತಿದ್ಲು.”

ಅಲ್ಲಿಗೆ ಚೀಲದ ಕಥೆ ಮುಗಿಯಿತು. ನಾನು ತಕ್ಷಣ ಅವಳ ಬಳಿಗೆ ಹೋಗಬೇಕಿತ್ತು, ಹೋಗಲಿಲ್ಲ. ಆ ಸಂಜೆ ವಿಜಯನಗರಕ್ಕೆ ಮೆಟ್ರೊದಲ್ಲಿ ವಾಪಸಾಗುವಾಗ ನನ್ನ ತಲೆಯಲ್ಲಿದ್ದದ್ದು ಅವಳಲ್ಲ. ಸುಡದ ನೆಲದಲ್ಲೂ ಇದು ಬರುತ್ತದೆ ಎಂದಾದರೆ ಅದು ಹೊಸ ಸಂಗತಿ. ದೀಪಾಂಜಲಿ ನಗರ ದಾಟುವಷ್ಟರಲ್ಲಿ ಲೇಖನದ ಮೊದಲ ಪ್ಯಾರಾ ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ. ಬೇರೆಯವರ ಇಂಥ ಲೇಖನ ಬಂದಿದ್ದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಸುಟ್ಟಿಲ್ಲ ಅನ್ನುವುದಕ್ಕೆ ಆಧಾರವೇನು?’ ಮನೆಯ ಮೆಟ್ಟಿಲು ಹತ್ತುವಾಗ ಆ ಪ್ರಶ್ನೆ ಬಂತು. ಆಧಾರ ರಿಜಿಸ್ಟರು. ರಿಜಿಸ್ಟರಿಗೆ ಆಧಾರ ನನ್ನ ನೆನಪು. ಮತ್ತೆ, ಸಮಿತಿಯ ಮುಂದೆ ಮಾತಾಡುವ ಹಿಂದಿನ ದಿನ ನನ್ನ ನೆನಪನ್ನು ಗಟ್ಟಿ ಮಾಡಿಕೊಳ್ಳಲು ನಾನು ತೆರೆದು ಓದಿದ್ದು ಅದೇ ರಿಜಿಸ್ಟರನ್ನು.

ಮಾರನೇ ದಿನ ಹಾರೆ, ಕರಣೆ ಹಿಡಿದು ಒಬ್ಬನೇ ಕೆಂಗೇರಿಗೆ ಹೋದೆ. ಎಂಟನೇ ಚೌಕದ ಒಂದು ಮೂಲೆಯಲ್ಲಿ ಗೇಣುದ್ದದ ಗುಂಡಿ ತೆಗೆದು, ಗೋಡೆಯನ್ನು ಕರಣೆಯಿಂದ ನಯವಾಗಿ ಕೆರೆದೆ. ಮೇಲೆ ಮಳೆಗೆ ಚಿಗುರಿದ ಗರಿಕೆ. ಅದರ ಕೆಳಗೆ ಬೆರಳಿನಷ್ಟು ದಪ್ಪ ಕಪ್ಪು ಮಣ್ಣು, ಅದರಲ್ಲಿ ಅಕ್ಕಿಕಾಳಿನಂಥ ಇದ್ದಿಲ ಚೂರು. ಅದರ ಕೆಳಗೂ ತೆಳುವಾಗಿ ಮತ್ತೊಂದು ಕಪ್ಪು ಗೆರೆ, ಇನ್ನೂ ಕೆಳಗೆ ಇನ್ನೊಂದು. ಒಂದು ಸಲದ ಬೆಂಕಿಯಲ್ಲ ಇದು.

ಹಸು ಹಿಡಿದುಕೊಂಡು ಜಮೀನಿನ ಯಜಮಾನಿ ಬಂದರು. ಎಪ್ಪತ್ತು ದಾಟಿದವರು. ಸುತ್ತಲಿನ ಹೊಲವೆಲ್ಲ ಸೈಟುಗಳಾಗಿ, ಮನೆಗಳಾಗಿ, ಈ ತೋಪು, ಬಯಲು ಮತ್ತು ಎರಡು ಹಸು ಉಳಿದಿದ್ದವು.

“ಏನ್ ಮೇಷ್ಟ್ರೇ, ಇನ್ನೂ ಮುಗೀಲಿಲ್ವಾ ನಿಮ್ ಮಣ್ಣು? ಲಾರೀಲಿ ಹೋಗಿದ್ದು ಸಾಲ್ದು ಅಂತ ನೀವು ಚೀಲ್ದಲ್ಲಿ ಹೊರ್ತಿದೀರಾ?”

“ಅಮ್ಮಾ, ಇಲ್ಲಿ ಇದ್ದಿಲು ಸಿಗ್ತಾ ಇದೆ. ಅವತ್ತು ತೋಪಿನ ಬೆಂಕಿ ಇಲ್ಲೀವರ್ಗೂ ಬಂದಿತ್ತಾ?”

“ಇಲ್ಲಪ್ಪ, ಅದು ಆ ಬೇಲಿ ಹತ್ರನೇ ಆರೋಯ್ತು. ಇದು ನಮ್ ಕಿಚ್ಚಿನ ಜಾಗ ಅಲ್ವಾ.”

“ಯಾವ ಕಿಚ್ಚು?”

“ಒಳ್ಳೆ ಕೇಳ್ತೀರಾ! ಸಂಕ್ರಾಂತಿ ಕಿಚ್ಚು. ನಮ್ ಮಾವ್ನೋರ ಕಾಲ್ದಿಂದ ದನ ಹಾಯ್ಸೋದು ಇಲ್ಲೇ. ಹುಲ್ಲು, ತೊಗರಿ ಕಡ್ಡಿ ಹಾಕಿ ಹಚ್ಚೋದು. ಆಗ ಇಪ್ಪತ್ತು ರಾಸು ಹಾಯ್ತಿದ್ವು, ಈಗ ಇವೆರಡೇ. ಹಂಗಂದ್ಬುಟ್ಟು ಬಿಡೋಕಾಯ್ತದಾ?”

“ಈ ಸಂಕ್ರಾಂತೀಲೂ ಹಚ್ಚಿದ್ರಾ?”

“ಹಚ್ಚಿದ್ವಿ.”

ನಾನು ಹಾರೆ ಕೆಳಗಿಟ್ಟೆ. “ನಾನು ಗೂಟ ಹೊಡೆಯೋ ಮುಂಚೆ ನಿಮ್ಮನ್ನ ಕೇಳಿದ್ನಲ್ಲಮ್ಮಾ, ಬಯಲಲ್ಲಿ ಎಲ್ಲಾದ್ರೂ ಬೆಂಕಿ ಬಿದ್ದಿತ್ತಾ ಅಂತ? ಇಲ್ಲ ಅಂದ್ರಿ.”

“ಬಿದ್ದಿರ್ಲಿಲ್ಲ. ಕಿಚ್ಚನ್ನ ಬೆಂಕಿ ಬಿತ್ತು ಅಂತಾರಾ ಯಾರಾದ್ರೂ? ಬಿಡ್ತು ಅನ್ನಿ. ಅದು ಹಬ್ಬ.”

“ಬೂದಿ ಎಲ್ಲಿ ಹೋಯ್ತು ಹಾಗಾದ್ರೆ? ಇಲ್ಲಿ ಏನೂ ಇರ್ಲಿಲ್ಲ.”

“ಮಾರ್ನೇ ದಿನ ಗುಡಿಸಿ ತಿಪ್ಪೆಗೆ ಹಾಕಿ, ಸಗಣಿ ನೀರು ಹುಯ್ತೀನಿ. ದನ ಹಾಯ್ದ ಬೂದೀನ ಕಂಡಕಂಡೋರು ತುಳೀಬಾರ್ದು ಅಂತ ನಮ್ಮತ್ತೆ ಹೇಳ್ತಿದ್ರು. ಇದೊಂದ್ ಜಾಗ ನಮ್ಮನೆ ಅಂಗಳದಂಗೆ ಇರ್ತದೆ, ಬೇಸ್ಗೆ ಪೂರ್ತಿ.”

ಸಂಕ್ರಾಂತಿಯ ಕಿಚ್ಚು ನನಗೆ ಗೊತ್ತಿಲ್ಲದ್ದಲ್ಲ. ಪ್ರತಿ ವರ್ಷ ಪತ್ರಿಕೆಯಲ್ಲಿ ಅದರ ಚಿತ್ರ ನೋಡುತ್ತೇನೆ. ನನ್ನ ಪ್ರಶ್ನೆಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಷ್ಟೇ. ಹುಲ್ಲಿನ ಬೆಂಕಿ ಆಳಕ್ಕೆ ಇಳಿಯುವುದಿಲ್ಲ, ಆದರೆ ಈ ಶಿಲೀಂಧ್ರ ಬದುಕುವುದೂ ಮೇಲಿನ ಬೆರಳಗಲದಲ್ಲೇ. ಸಂಕ್ರಾಂತಿಯಿಂದ ಮಳೆಯವರೆಗೆ ಅದು ಸುಮ್ಮನೆ ಕಾದಿತ್ತು.

ಆದರೆ ನನ್ನನ್ನು ಕಂಗೆಡಿಸಿದ್ದು ಆಕೆಯ ಕೊನೆಯ ಮಾತು. ಗುಡಿಸಿ ಸಗಣಿ ನೀರು ಹಾಕಿದ ನೆಲದಲ್ಲಿ ಬೇಸಿಗೆಯಲ್ಲಿ ಮೊಣಕಾಲುದ್ದ ಹುಲ್ಲು ಹೇಗಿರುತ್ತದೆ? ನನಗೋ ಆ ಹುಲ್ಲು ಕಾಣುತ್ತಿತ್ತು. ಪ್ಯಾಂಟಿಗೆ ಮುಳ್ಳು ಹತ್ತಿದ್ದು, ಅಟೆಂಡರ್ ಅದನ್ನು ತುಳಿದು ಬಗ್ಗಿಸಿದ್ದು, ಎಲ್ಲ.

ವಿಭಾಗಕ್ಕೆ ಬಂದು ಅವನನ್ನೇ ಕೇಳಿದೆ.

“ನನಗೆಲ್ಲಿ ನೆನಪಿರುತ್ತೆ ಸಾರ್. ಆದ್ರೆ ಅವತ್ತು ಸ್ಟೇಟಸ್ ಹಾಕಿದ್ದೆ, ‘ಸೈಂಟಿಸ್ಟ್ ಜೊತೆ ಕಾಡಲ್ಲಿ’ ಅಂತ. ನಮ್ಮನೇಲಿ ಎಲ್ಲ ನಕ್ಕಿದ್ರು. ಇರಿ, ಫೋನಲ್ಲಿರ್ಬೇಕು.”

ಮೂರು ಚಿತ್ರಗಳಿದ್ದವು. ಒಂದರಲ್ಲಿ ಅವನು ಸುತ್ತಿಗೆ ಎತ್ತಿ ನಿಂತಿದ್ದಾನೆ. ಅವನ ಮೊಣಕಾಲಿನ ಪಕ್ಕ ಗೂಟ, ತಗಡಿನ ಮೇಲೆ ಎಂಟು. ಗೂಟದ ಸುತ್ತ ಬೋಳು ನೆಲ, ಗುಡಿಸಿದ ಹಾಗೆ ಚೊಕ್ಕ. ಹಿಂದೆ ನಾನು ಸೊಂಟಕ್ಕೆ ಕೈಕೊಟ್ಟು ಅದೇ ನೆಲವನ್ನು ನೋಡುತ್ತಿದ್ದೇನೆ. ಇನ್ನೊಂದರಲ್ಲಿ ಏಳನೇ ಗೂಟ. ರಿಜಿಸ್ಟರಿನಲ್ಲಿ ಅದರ ಮುಂದೆ ‘ಬರಿ ನೆಲ’ ಎಂದಿತ್ತು. ಚಿತ್ರದಲ್ಲಿ ಮೊಣಕಾಲುದ್ದ ಹುಲ್ಲು.

ಏಳರ ಹುಲ್ಲನ್ನು ಎತ್ತಿ ಎಂಟರಲ್ಲಿ ನೆಟ್ಟಿದ್ದೆ. ಅದರ ಜೊತೆ ಮುಳ್ಳನ್ನೂ, ತುಳಿದ ಕಾಲನ್ನೂ.

ಆ ಮಧ್ಯಾಹ್ನ ವಿದ್ಯಾರ್ಥಿನಿಯನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಚಿತ್ರವನ್ನು ಅವಳು ಬಹಳ ಹೊತ್ತು ನೋಡಿದಳು. ಕೂಗಾಡಬಹುದು ಎಂದು ಸಿದ್ಧನಾಗಿದ್ದೆ.

“ಸಮಿತಿಗೆ ಬರೀತೀನಿ,” ಅಂದೆ. “ಎಂಟು ನನ್ನ ತಪ್ಪು ಅಂತ.”

“ಎಂಟರದ್ದು ಮಾತ್ರ ಬರೀತೀರಾ ಸಾರ್?”

ಅವಳು ನನಗಿಂತ ಒಂದು ಹೆಜ್ಜೆ ಮುಂದಿದ್ದಳು. ಎಂಟನೆಯದು ಯಾಕೆ ತಪ್ಪಾಯಿತು ಎಂದು ಬರೆದರೆ, ನೆನಪಿನಿಂದ ಬರೆದದ್ದು ಎಂದು ಬರೆಯಬೇಕು. ಹಾಗೆ ಬರೆದರೆ ಹತ್ತೂ ಚೌಕಗಳ ವಿವರ ಅನುಮಾನಕ್ಕೆ ಬೀಳುತ್ತದೆ. ಅವಳ ಹೆಸರು ಉಳಿಸಲು ಅವಳ ಅಧ್ಯಾಯವನ್ನು ಕೆಡವಬೇಕಿತ್ತು.

“ಬೇಡ ಸಾರ್,” ಅಂದಳು. “ಎಂಟನ್ನ ಬಿಟ್ಟು ಸಲ್ಲಿಸೋಣ ಅಂತ ಅವರೇ ಹೇಳಿದಾರಲ್ಲ. ನನ್ನ ತಪ್ಪು ಅಂತಾನೇ ಇರ್ಲಿ. ಆ ಫೈಲ್ ಯಾರು ತೆಗೆದು ಓದ್ತಾರೆ? ಮಂಡ್ಯದವ್ರು ಒಂದು ವರ್ಷ ಕಾಯಲ್ಲ.”

“ಉಳಿದ ನಾಲ್ಕೂ ಸರಿ ಇದೆ ಅಂತ ಏನು ಗ್ಯಾರಂಟಿ?”

“ಅಗೆದು ನೋಡೋಣ. ಸರಿ ಇದ್ರೆ ಸುಮ್ನಿರ್ತೀರಾ?”

ಮಾರನೇ ದಿನಕ್ಕೆ ಎರಡು ಹಾರೆ ತೆಗೆದಿಡಲು ಅಟೆಂಡರಿಗೆ ಹೇಳಿದೆ.

ಎರಡು ದಿನ ಇಬ್ಬರೂ ಅಗೆದೆವು. ಒಂದು ಕಡೆ ಅವಳು, ಒಂದು ಕಡೆ ನಾನು. ನೋಡಿದ್ದನ್ನು ಬೇರೆ ಬೇರೆ ಬರೆದು ಆಮೇಲೆ ಹೋಲಿಸಿದೆವು. ಆರು, ಏಳು, ಹತ್ತರ ಮಣ್ಣು ತಳದವರೆಗೂ ಶುದ್ಧ. ಒಂಬತ್ತರಲ್ಲಿ ನಾಲ್ಕು ಬೆರಳು ಕೆಳಗೆ ತೆಳುವಾದ ಕಪ್ಪು ಪಟ್ಟಿ ಸಿಕ್ಕಿತು, ಯಾವ ಕಾಲದ್ದೋ ಹೇಳುವ ಹಾಗಿರಲಿಲ್ಲ.

“ಹಳೇದು ಸಾರ್. ಇದು ಲೆಕ್ಕಕ್ಕಿಲ್ಲ,” ಅಂದಳು. ಮಣ್ಣು ಮೆತ್ತಿದ ಕೈಯಲ್ಲೇ ಹಣೆ ಒರೆಸಿಕೊಂಡಳು. “ಬೇರೆ ಯಾರಾದ್ರೂ ಆಗಿದ್ರೆ ಲೆಕ್ಕಕ್ಕಿಲ್ಲ ಅಂತಿದ್ರು.”

ಬಹುಶಃ ಅವಳು ಹೇಳಿದ್ದು ಸರಿ. ಆ ಶನಿವಾರ ಪತ್ರ ಬರೆದೆ. ಎಂಟರ ಕಿಚ್ಚು, ಒಂಬತ್ತರ ಪಟ್ಟಿ, ಏಳರ ಅದಲುಬದಲು, ಮರೆತ ನೋಟ್‌ಬುಕ್, ಮರುದಿನ ನೆನಪಿನಿಂದ ತುಂಬಿದ ರಿಜಿಸ್ಟರು, ಸಭೆಯಲ್ಲಿ ನಾನು ಕೊಟ್ಟ ಗ್ಯಾರಂಟಿ. ಅಟೆಂಡರ್ ತೆಗೆದ ಚಿತ್ರಗಳನ್ನು ಲಗತ್ತಿಸಿದೆ. ಕೊಡುವ ಮೊದಲು ಅವಳಿಗೆ ತೋರಿಸಿದೆ, ಆದರೆ ಒಪ್ಪಿಗೆ ಕೇಳಲಿಲ್ಲ. ಅವಳು ಓದಿ, ಒಂದು ಕಡೆ ಒಂಬತ್ತು ಎಂದಿರಬೇಕಾದಲ್ಲಿ ಆರು ಎಂದು ಬರೆದಿದ್ದನ್ನು ತಿದ್ದಿ, ವಾಪಸು ಕೊಟ್ಟಳು.

ಅಧ್ಯಕ್ಷರು ಪತ್ರವನ್ನು ಎರಡು ಸಲ ಓದಿದರು. “ಕಣ್ಣಿಗೆ ಕಟ್ಟಿದ ಹಾಗಿದೆ ಅಂದಿದ್ರಲ್ರೀ,” ಅಂದರು. ಅವಳ ಫೈಲಿನ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದರು. ಅಧ್ಯಾಯವನ್ನು ವಾಪಸು ಕಳಿಸಿ, ಹೊಸದಾಗಿ ಮಾಡಲು ಒಂದು ವರ್ಷ ಕೊಟ್ಟರು. ಮಂಡ್ಯದ ಕೆಲಸ ಎರಡು ತಿಂಗಳಲ್ಲಿ ಬೇರೆಯವರ ಪಾಲಾಯಿತು. ಅವಳು ನನಗೆ ಅದನ್ನು ಹೇಳಲಿಲ್ಲ, ಅಟೆಂಡರ್ ಹೇಳಿದ.

ಸತ್ಯ ಹೇಳಿದವನಿಗೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಗುರಾದದ್ದು ನಿಜ, ಅದೇ ನನ್ನನ್ನು ಕೊರೆಯುತ್ತಿತ್ತು. ಅದರ ಬೆಲೆ ತೆತ್ತವಳು ಬೇರೊಬ್ಬಳು.

ಹೊಸ ಯೋಜನೆ ಅವಳದೇ. ಬೆಂಕಿ ಎಲ್ಲಿ ಬೀಳುತ್ತದೋ ಎಂದು ಕಾಯುವ ಬದಲು, ಯಾವ ದಿನ, ಎಷ್ಟು ಹೊತ್ತು, ಏನು ಉರಿಯಿತು ಎಂದು ತಿಳಿದಿರುವ ಬೆಂಕಿಯಿಂದಲೇ ಶುರು ಮಾಡೋಣ ಅಂದಳು. ಮುಂದಿನ ಸಂಕ್ರಾಂತಿಗೆ ಯಜಮಾನಿಯ ಅನುಮತಿ ಕೇಳಿದೆವು. “ವೈರು ದನದ ಕಾಲಿಗೆ ಸಿಗ್ದಂಗೆ ಹೂತುಬಿಡಿ, ಎಳ್ಳು-ಬೆಲ್ಲ ಇಸ್ಕೊಂಡ್ ಹೋಗಿ,” ಅಂದರು. ಮಧ್ಯಾಹ್ನವೇ ಹೋಗಿ ಮಣ್ಣಿನ ಮೇಲ್ಪದರದಲ್ಲಿ ಮೂರು ಆಳಗಳಲ್ಲಿ ಉಷ್ಣತೆ ಅಳೆಯುವ ತಂತಿ ಹೂತೆವು. ಮೀಟರು ಬದಿಗಿತ್ತು. ನೋಟ್‌ಬುಕ್ ಅವಳ ಕೈಯಲ್ಲಿತ್ತು.

ಹೊತ್ತು ಇಳಿಯುವಾಗ ಹಚ್ಚಿದರು. ಎರಡೂ ಹಸು ಹಾಯ್ದವು, ಒಂದು ಹಿಂಜರಿದು, ಒಂದು ನೆಗೆದು. ಜನ ಕೂಗಿ ಚದುರಿದರು. ನಾವು ನಾಲ್ಕು ನಿಮಿಷಕ್ಕೊಮ್ಮೆ ಮೀಟರು ಓದುತ್ತಾ ಕೂತೆವು.

“ಸಾರ್, ಒಂದು ಕೇಳ್ಲಾ?” ಅಂದಳು. “ಅವತ್ತು ಮೀಟಿಂಗಲ್ಲಿ ಹುಲ್ಲಿತ್ತು ಅಂತ ಹೇಳೋಕ್ಕೆ ಮುಂಚೆ ನೀವು ಒಂದು ಕ್ಷಣ ಸುಮ್ನಾದ್ರಿ. ನನ್ನ ಕಡೆ ನೋಡಿದ್ರಿ. ನಿಮಗೆ ಆಗ್ಲೇ ಅನುಮಾನ ಬಂದಿತ್ತಾ?”

ಆ ಕೋಣೆಯನ್ನು ಮನಸ್ಸಿಗೆ ತಂದುಕೊಳ್ಳಲು ನೋಡಿದೆ. ಬಂತು. ಅಧ್ಯಕ್ಷರ ಪೆನ್ನು, ತಿರುಗುವ ಫ್ಯಾನು, ಮೇಜಿನ ಕೊನೆಯಲ್ಲಿ ಅವಳು. ನೋಡಿದಷ್ಟೂ ವಿವರ ತುಂಬಿಕೊಳ್ಳುತ್ತಿತ್ತು, ಆ ತುಂಬಿಕೊಳ್ಳುವಿಕೆಗೇ ನನಗೆ ಭಯವಾಯಿತು. ಇಲ್ಲ ಎಂದರೆ ನನಗೆ ಅನುಕೂಲ. ಹೌದು ಎಂದರೆ ಪ್ರಾಮಾಣಿಕನಂತೆ ಕಾಣುತ್ತೇನೆ, ಅದೂ ಅನುಕೂಲವೇ.

“ಗೊತ್ತಿಲ್ಲ,” ಅಂದೆ. “ನಿಜವಾಗ್ಲೂ ಗೊತ್ತಿಲ್ಲ.”

“ನನಗೆ ಗೊತ್ತು ಸಾರ್. ನೋಡಿದ್ರಿ.”

ಮೀಟರಿನ ಕಡೆ ಬಗ್ಗಿ ಅಂಕಿ ಓದಿಕೊಂಡಳು. “ಟೈಮ್ ಎಷ್ಟು ಹೇಳಿ.”

ಗಡಿಯಾರ ನೋಡಿ ಹೇಳಿದೆ. ಅವಳು ತನ್ನ ಫೋನು ತೆಗೆದು ಸಮಯ ನೋಡಿದಳು, ಆಮೇಲೆ ಬರೆದುಕೊಂಡಳು.